‘ಎಷ್ಟಕ್ಕೆ ಬಿತ್ತು?’: ಇಂಗ್ಲಿಷಿನ ಪಾವತಿ ಕ್ರಿಯಾಪದಗಳ ಒಂದು ಚರಿತ್ರೆ

ಇಂಗ್ಲಿಷ್ ಕಲಿಕೆಯ ಪಠ್ಯಗಳು ‘ಪೇ’, ‘ಸ್ಪೆಂಡ್’, ‘ಚಾರ್ಜ್’, ‘ಕಾಸ್ಟ್’ಗಳನ್ನು ಸಾಮಾನ್ಯವಾಗಿ ಒಂದೇ ಪಾಠದಲ್ಲಿ ಕೂಡಿಸುತ್ತವೆ, ಯಾವುದಕ್ಕೆ ‘ಫಾರ್’, ಯಾವುದಕ್ಕೆ ‘ಆನ್’ ಎಂಬುದನ್ನು ಕಂಠಪಾಠಕ್ಕೆ ಬಿಡುತ್ತವೆ. ಕಂಠಪಾಠಕ್ಕೆ ಬಿಟ್ಟ ಈ ನಿಯಮಗಳಲ್ಲಿ ಹಲವು ಶತಮಾನಗಳ ಭಾಷಾಸಂಪರ್ಕ ಅಡಗಿದೆ.

ಹಳೆಯ ಇಂಗ್ಲಿಷಿನಲ್ಲಿ ಹಣ ಸಲ್ಲಿಸುವುದಕ್ಕಿದ್ದ ದೇಶೀಯ ಕ್ರಿಯಾಪದ ಇಂದಿನ ‘ಯೀಲ್ಡ್’ನ ಪೂರ್ವರೂಪ. ಜರ್ಮನ್ ಭಾಷೆಯ ‘ಗೆಲ್ಟ್’ (ಹಣ) ಅದರ ಬಳಗದ್ದೇ. 1066ರ ನಾರ್ಮನ್ ವಿಜಯದ ತರುವಾಯ ಫ್ರೆಂಚ್ ಮೂಲದ ‘ಪೇ’ ಬಂದು ಅದನ್ನು ಪಕ್ಕಕ್ಕೆ ಸರಿಸಿತು. ‘ಯೀಲ್ಡ್’ಗೆ ಮಣಿಯುವ, ಇಳುವರಿ ಕೊಡುವ ಅರ್ಥಗಳು ಉಳಿದವು. ‘ಪೇ’ಯ ಬೇರು ಲ್ಯಾಟಿನ್ನಿನ ‘ಪಾಕಾರೆ’, ಅಂದರೆ ಶಾಂತಗೊಳಿಸು. ಸಾಲಗಾರ ತೃಪ್ತಿಪಡಿಸಬೇಕಾದದ್ದು ಸಾಲ ಕೊಟ್ಟವನನ್ನು. ಆದ್ದರಿಂದ ವ್ಯಕ್ತಿಯೇ ಕರ್ಮಪದವಾದ, ಕೊಂಡ ವಸ್ತು ‘ಫಾರ್’ನ ಆಶ್ರಯಕ್ಕೆ ಹೋಯಿತು. ಪುಸ್ತಕವನ್ನು ಸಮಾಧಾನಪಡಿಸಲು ಬಾರದಷ್ಟೆ! ಆದರೂ ಈ ವಿವರಣೆಯನ್ನು ಅತಿಯಾಗಿ ನಂಬಬಾರದು: ಅದೇ ಬೇರಿನ ಫ್ರೆಂಚ್ ‘ಪೆಯೇ’ ಇಂದು ಪುಸ್ತಕವನ್ನೂ ಊಟವನ್ನೂ ನೇರ ಕರ್ಮವಾಗಿ ಸ್ವೀಕರಿಸುತ್ತದೆ. ನಿರುಕ್ತ ದಾರಿ ತೋರಿಸುತ್ತದೆ, ವಾಕ್ಯರಚನೆಯನ್ನು ಕಟ್ಟಿಹಾಕುವುದಿಲ್ಲ.

‘ಸ್ಪೆಂಡ್’ನ ಹಿಂದೆ ತಕ್ಕಡಿಯಲ್ಲಿ ತೂಗಿ ಕೊಡುವ ಕ್ರಿಯೆಯಿದೆ, ‘ಚಾರ್ಜ್’ನ ಹಿಂದೆ ಬಂಡಿಗೆ ಹೊರೆ ಹೇರುವ ಕ್ರಿಯೆ. ಹೊರೆ ಹೊರುವವನು ಗಿರಾಕಿಯಾದ್ದರಿಂದ ‘ಚಾರ್ಜ್’ಗೆ ಅವನೇ ಕರ್ಮ.

ಹೆಚ್ಚು ಕುತೂಹಲದ್ದು ‘ಕಾಸ್ಟ್’. ಇದರ ಮೂಲವಾದ ಲ್ಯಾಟಿನ್ ‘ಕೋನ್‌ಸ್ತಾರೆ’ಗೆ ‘ನಿಲ್ಲು’ ಎಂಬ ಅರ್ಥ. ವಸ್ತು ಒಂದು ಬೆಲೆಗೆ ‘ನಿಲ್ಲುತ್ತದೆ’, ಅದು ಯಾರಿಗೆ ನಿಲ್ಲುತ್ತದೋ ಆ ವ್ಯಕ್ತಿ ಚತುರ್ಥಿಯಲ್ಲಿರುತ್ತಾನೆ. ಫ್ರೆಂಚಿನಲ್ಲಿ ಈ ಚತುರ್ಥಿಯ ಸಂಬಂಧ ಇಂದಿಗೂ ಸ್ಪಷ್ಟ. ಇಂಗ್ಲಿಷಿನಲ್ಲಾದರೋ ದ್ವಿತೀಯಾ ಮತ್ತು ಚತುರ್ಥಿ ಸರ್ವನಾಮಗಳು ಒಂದಾಗಿಹೋಗಿದ್ದವು. ‘ಇಟ್ ಕಾಸ್ಟ್ ಮಿ’ ಎಂಬಲ್ಲಿನ ‘ಮಿ’ ನೋಟಕ್ಕೆ ಸಾಮಾನ್ಯ ಕರ್ಮಪದ. ವ್ಯಾಕರಣಗಳು ‘ಗಿವ್’ನಂತೆ ಇದನ್ನೂ ದ್ವಿಕರ್ಮಕವೆಂದು ಎಣಿಸುವುದುಂಟು. ಆದರೆ ‘ಗಿವ್’ಗೆ ಕರ್ಮಣಿ ಪ್ರಯೋಗವಿದೆ, ಬೆಲೆಯನ್ನು ಹೇಳುವ ‘ಕಾಸ್ಟ್’ಗೆ ಇಲ್ಲ. ‘ಮಿ’ ಇಲ್ಲಿ ಕ್ರಿಯೆಗೆ ಗುರಿಯಾದವನಲ್ಲ, ಬೆಲೆಯನ್ನು ಅನುಭವಿಸಿದವನು. ‘ನನಗೆ ತೋರುತ್ತದೆ’, ‘ನನಗೆ ಹಿಡಿಸುತ್ತದೆ’ ಎಂಬ ಮಾದರಿಯ ವಾಕ್ಯಗಳು ಮಧ್ಯಕಾಲೀನ ಇಂಗ್ಲಿಷಿನಲ್ಲಿ ಹೇರಳವಾಗಿದ್ದವು. ‘ಲೈಕ್’ ಮುಂತಾದವು ಮುಂದೆ ‘ಐ’ ಎಂಬ ಕರ್ತೃವಿಗೆ ಶರಣಾದವು. ‘ಕಾಸ್ಟ್’ ಹಾಗಾಗಲಿಲ್ಲ.

ಕನ್ನಡಿಗರಿಗೆ ಈ ರಚನೆ ಅಪರಿಚಿತವಲ್ಲ. ‘ಈ ಸೀರೆ ನಿನಗೆ ಎಷ್ಟಕ್ಕೆ ಬಿತ್ತು?’ ಎಂಬಲ್ಲಿ ಸೀರೆ ಕರ್ತೃ, ಕೊಂಡವಳು ಚತುರ್ಥಿಯಲ್ಲಿ. ಮರಾಠಿಯೂ ‘ಹೀ ಸಾಡೀ ತುಲಾ ಕಿತೀಲಾ ಪಡಲೀ?’ ಎಂದು ಬೀಳುವ ಕ್ರಿಯೆಯನ್ನೇ ಬಳಸುತ್ತದೆ. ಸೊಲ್ಲಾಪುರ, ಅಕ್ಕಲಕೋಟೆಗಳ ದ್ವಿಭಾಷಿಕ ವಿದ್ಯಾರ್ಥಿಯ ಎರಡು ಭಾಷೆಗಳೂ ಇಲ್ಲಿ ಒಂದೇ ಅಚ್ಚಿನವು. ಅವನಿಗೆ ‘ಮಿ’ಯನ್ನು ‘ನನ್ನನ್ನು’ ಎಂದು ಬೋಧಿಸುವುದು, ಅವನು ಬಲ್ಲ ವ್ಯಾಕರಣವನ್ನು ಕಸಿದು ಇಂಗ್ಲಿಷಿಗೇ ಸಲ್ಲದ ವ್ಯಾಕರಣವನ್ನು ಕೊಟ್ಟಂತೆ. ‘ನನಗೆ’ ಎಂದರೆ ಸಾಕು. ಬಳಿಕ ಹೇಳಬೇಕಾದ ವ್ಯತ್ಯಾಸ ಒಂದೇ: ‘ನೂರಕ್ಕೆ’ ಎಂಬಲ್ಲಿ ಕನ್ನಡ ಬೆಲೆಗೂ ‘ಕ್ಕೆ’ ಹಚ್ಚುತ್ತದೆ, ‘ಕಾಸ್ಟ್’ನ ಮುಂದೆ ಬೆಲೆ ಯಾವ ಉಪಸರ್ಗವೂ ಇಲ್ಲದೆ ಬರಿದಾಗಿ ನಿಲ್ಲುತ್ತದೆ.