ಕಚೇರಿಯಲ್ಲಿ ತಗ್ಗಿದ ದನಿ

ನಮ್ಮ ಮುತ್ಯಾ ಔರಾದ್ ಸಂತೆಯಲ್ಲಿ ಎತ್ತಿನ ವ್ಯಾಪಾರಕ್ಕೆ ನಿಂತರೆ ಅವರ ದನಿ ನಾಲ್ಕು ಅಂಗಡಿ ಆಚೆಗೂ ಕೇಳುತ್ತಿತ್ತು. ಅಂಥವರು 1980ರ ದಶಕದಲ್ಲೊಮ್ಮೆ ಪಹಣಿ ಕೆಲಸಕ್ಕೆಂದು ನನ್ನನ್ನೂ ಕರೆದುಕೊಂಡು ಬೀದರಿನ ಸರ್ಕಾರಿ ಕಚೇರಿಯೊಂದಕ್ಕೆ ಹೋದರು. ಬಾಗಿಲು ದಾಟಿದ್ದೇ ತಡ, ಕುಗ್ಗಿಹೋದರು. ಮೇಜಿನ ಆಚೆ ಕುಳಿತವರು ಮೈಸೂರು ಕಡೆಯವರು, ಕೇಳಿದ್ದು ಕನ್ನಡದಲ್ಲಿ. ಮುತ್ಯಾ ಉತ್ತರ ಕೊಟ್ಟದ್ದು ಉರ್ದುವಿನಲ್ಲಿ, ಅದೂ ಪಿಸುದನಿಯಲ್ಲಿ. ಹೊರಗೆ ಬಂದಮೇಲೆ, "ಯಾಕ ಮುತ್ಯಾ, ಕನ್ನಡದಾಗ ಮಾತಾಡಲಿಲ್ಲ?" ಅಂದೆ. "ಕಚೇರಿ ಅದಲ್ಲೋ ತಮ್ಮಾ" ಅಂದರು, ಮತ್ತೆ ಅದೇ ದೊಡ್ಡ ದನಿಯಲ್ಲಿ.

ಮುಂದೆ ಕಾಲೇಜಿನ ಮನಶ್ಶಾಸ್ತ್ರದ ಪಾಠದಲ್ಲಿ ಪಾವ್ಲೋವ್‌ನ ನಾಯಿಗಳು ಬಂದಾಗ ನನಗೆ ನೆನಪಾದದ್ದು ಆ ಬಾಗಿಲು. ಜೀರ್ಣಕ್ರಿಯೆಯ ಸಂಶೋಧನೆಗೆ 1904ರಲ್ಲಿ ನೊಬೆಲ್ ಪಡೆದ ಈ ರಷ್ಯನ್ ವಿಜ್ಞಾನಿ, ಮೆಟ್ರೊನೋಮಿನ ಟಕ್‌ಟಕ್ ಕೇಳಿಸಿ ನಾಯಿಗೆ ಆಹಾರ ಕೊಡುತ್ತಿದ್ದ. ಕೆಲವು ಸಲ ಹೀಗಾದ ಮೇಲೆ ಬರೀ ಸದ್ದಿಗೇ ಜೊಲ್ಲು ಸುರಿಯಿತು. ಇದೇ ಶಾಸ್ತ್ರೀಯ ಅನುಬಂಧನ. ಪರೀಕ್ಷೆಗೆ ಇಷ್ಟು ಸಾಕಾಗುತ್ತಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಮಾತು. ಆಹಾರವಿಲ್ಲದೆ ಸದ್ದು ಮಾತ್ರ ಕೇಳಿಸುತ್ತಾ ಹೋದರೆ ಜೊಲ್ಲು ನಿಲ್ಲುತ್ತದೆ. ಸ್ವಲ್ಪ ಬಿಡುವು ಕೊಟ್ಟು ಮತ್ತೆ ಕೇಳಿಸಿದರೆ ಮರಳಿ ಬರುತ್ತದೆ. ಕಲಿತದ್ದು ಅಳಿಸಿರುವುದಿಲ್ಲ, ಅಡಗಿರುತ್ತದೆ. ಒಂದು ಜಾಗದಲ್ಲಿ ಅಡಗಿದ್ದು ಹಳೆಯ ಜಾಗಕ್ಕೆ ಕಾಲಿಟ್ಟೊಡನೆ ಎದ್ದು ಕೂರಬಹುದು. ಭಯಕ್ಕೂ ಇದೇ ದಾರಿ. 1920ರಲ್ಲಿ ವಾಟ್ಸನ್ ಮತ್ತು ರೇನರ್, ಬಿಳಿ ಇಲಿಯನ್ನು ಮುಟ್ಟಹೋದ ಕೂಸಿನ ಬೆನ್ನ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆ ಬಡಿದು, ಅದಕ್ಕೆ ಇಲಿಯ ಭಯ ಕಲಿಸಿದರು. ಇಂದಾದರೆ ಯಾರೂ ಒಪ್ಪದ ಪ್ರಯೋಗ.

ನಿಜಾಮರ ಆಳ್ವಿಕೆಯಲ್ಲಿ ನಮ್ಮ ಭಾಗದ ಕಚೇರಿ, ಕೋರ್ಟು, ಶಾಲೆ ಎಲ್ಲವೂ ಉರ್ದುವಿನಲ್ಲಿ ನಡೆಯುತ್ತಿದ್ದವು. ಮುತ್ಯಾ ಕಲಿತ ಶಾಲೆಯಲ್ಲಿ ಕನ್ನಡ ಬಾಯಿಗೆ ಬಂದರೆ ಬೆತ್ತ ಬೀಳುತ್ತಿತ್ತಂತೆ. ತಪ್ಪು ಉರ್ದುವಿನದಲ್ಲ. ಬೀದರಿನ ಗಲ್ಲಿಗಲ್ಲಿಯಲ್ಲಿ ಅದು ತಾಯಿಮಾತು; ಮುತ್ಯಾನೇ ಗಜಲ್ ಗುನುಗುತ್ತಿದ್ದರು. ಅಂಜಿಕೆ ಅಂಟಿಕೊಂಡದ್ದು ಮೇಜು, ಶಾಯಿ, ಟೊಪ್ಪಿಗೆ, ಎತ್ತರದ ಬಾಗಿಲು ಇವುಗಳಿಗೆ.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಜಿಲ್ಲೆಯೇ ಒಡೆದು, ಉದಗೀರ್ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್ ಆಂಧ್ರಕ್ಕೆ ಹೋದವು; ಬೀದರ್, ಭಾಲ್ಕಿ, ಔರಾದ್ ಮೈಸೂರಿಗೆ ಬಂದವು. ಕಚೇರಿಯ ಭಾಷೆ ಬದಲಾಯಿತು. ಮುತ್ಯಾನ ಪಾಲಿಗೆ ಬಾಗಿಲು ಹಳೆಯದೇ ಇತ್ತು.

ಆದರೆ ಅವರ ತಮ್ಮ, ನಮ್ಮ ಸಣ್ಣ ಮುತ್ಯಾ, ಯಾವ ಕಚೇರಿಯಲ್ಲೂ ಕನ್ನಡದಲ್ಲೇ ಗದರುತ್ತಿದ್ದರು. ಅವರು ಹುಡುಗರಾಗಿದ್ದಾಗ ಕೆಲವು ವರ್ಷ ಭಾಲ್ಕಿ ಹಿರೇಮಠದಲ್ಲಿದ್ದವರು. ಔರಾದ್ ಸೀಮೆಯ ಕಮಲನಗರದಲ್ಲಿ ಹುಟ್ಟಿದ ಚನ್ನಬಸವ ಪಟ್ಟದ್ದೇವರು ಅಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ನನಗೆ ಬೋರ್ಡಿಗಿಂತ ಮುಖ್ಯ ಅನಿಸುವುದು ಪ್ರಸಾದ ನಿಲಯ. ಅಕ್ಷರದ ಪಕ್ಕದಲ್ಲಿ ಬೆತ್ತವಿದ್ದ ಕಾಲದಲ್ಲಿ ಅಲ್ಲಿ ಊಟದ ಪಂಕ್ತಿ ಇತ್ತು. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್, ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಹುಡುಗನಿಗೆ ತಿನ್ನಲು ಕೊಡುತ್ತಾ ಮೊಲವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಅವನು ಅದರ ಮೈ ಸವರಿದ. ಹಳೆಯ ನಂಟಿನ ಮೇಲೆ ಹೊಸ ನಂಟು ಹಾಕುವುದೆಂದರೆ ಇದು. ಪಟ್ಟದ್ದೇವರಿಗೆ ಆ ಪ್ರಯೋಗ ಬೇಕಿರಲಿಲ್ಲ, ದಾಸೋಹ ಗೊತ್ತಿತ್ತು. ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರು ಪುರಾವೆಯಾಗಲಾರರು, ಒಪ್ಪುತ್ತೇನೆ. ಆದರೂ ಅವರಿಬ್ಬರನ್ನೂ ಹತ್ತಿರದಿಂದ ನೋಡಿದವನು ನಾನು.

ನನಗೆ ಯಾರೂ ಬೆತ್ತದಿಂದ ಹೊಡೆಯಲಿಲ್ಲ. ಬೆಂಗಳೂರಿನ ಹಾಸ್ಟೆಲಿನಲ್ಲಿ ನನ್ನ ಬೀದರ್ ಕನ್ನಡ ಕೇಳಿ ನಕ್ಕಿದ್ದರು, ಅಷ್ಟೆ. ಇಂದಿಗೂ ಆ ಊರಿನ ಬ್ಯಾಂಕ್ ಕೌಂಟರಿನ ಮುಂದೆ ನನ್ನ "ಅದ" ತಾನಾಗಿಯೇ "ಇದೆ" ಆಗುತ್ತದೆ. ಹೋದ ತಿಂಗಳು ಪಕ್ಕದಲ್ಲಿದ್ದ ಮಗಳು ಕೇಳಿದಳು: "ಅಪ್ಪಾ, ನೀ ಯಾಕ ಹಂಗ ಮಾತಾಡ್ದಿ?"