ಹಾಡು ಹಡಗು ಹತ್ತಿತು, ಹಾಡಿದವರು?

ತುಳುನಾಡಿನ ದಲಿತರ ಮಕ್ಕಳಿಗಿಂತ ಮೊದಲು ಅವರ ಹಾಡುಗಳು ವಿದೇಶಕ್ಕೆ ಹೋದವು. ನಲಿಕೆ, ಪಂಬದ, ಪರವರು ಭೂತ ಕಟ್ಟುವಾಗ ಹೇಳುವ, ಹೆಂಗಸರು ನೇಜಿ ನೆಡುವಾಗ ಹಾಡುವ ಪಾಡ್ದನಗಳನ್ನು ಮದ್ರಾಸ್ ಸರಕಾರದ ಜಡ್ಜ್ ಬರ್ನೆಲ್ ಕೂಡಿಸಿಟ್ಟಿದ್ದ. ಅವನು ಸತ್ತ ಮೇಲೆ, 1894ರಿಂದ 1897ರವರೆಗೆ, ಅವು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಬಂದವು. ಮೂಡುಬಿದಿರೆಯ ಬಸದಿಯಲ್ಲಿದ್ದ ಧವಲಾ ತಾಳೆಗರಿಗಳು ಹೀಗೆ ಸುಲಭಕ್ಕೆ ಸಿಕ್ಕಲಿಲ್ಲ; ಅವು ದರ್ಶನಕ್ಕಿದ್ದವು, ಅಚ್ಚಾಗಲು 1939 ಬರಬೇಕಾಯ್ತು. ಬೀಗದೊಳಗಿನ ಗ್ರಂಥಕ್ಕೆ ಕಾವಲಿತ್ತು. ಗದ್ದೆಯ ಹಾಡಿಗೆ ಯಾರಿದ್ದರು?

ಅದೇ ಪತ್ರಿಕೆಯ 1917ರ ಮೇ ಸಂಚಿಕೆಯಲ್ಲಿ ಇನ್ನೊಂದು ಬರಹವಿದೆ: ಬಾಬಾಸಾಹೇಬರ ‘ಕಾಸ್ಟ್ಸ್ ಇನ್ ಇಂಡಿಯಾ’. 1913ರಲ್ಲಿ ಬರೋಡಾ ಮಹಾರಾಜರು ಕೊಟ್ಟ ತಿಂಗಳಿಗೆ 11.5 ಪೌಂಡಿನ ವಿದ್ಯಾರ್ಥಿವೇತನದಲ್ಲಿ ಕೊಲಂಬಿಯಾಕ್ಕೆ ಹೋದ ಅವರು 1916ರ ಮೇ 9ರಂದು ಗೋಲ್ಡನ್‌ವೈಸರರ ಸೆಮಿನಾರಿನಲ್ಲಿ ಓದಿದ್ದು ಅದು. ಜಾತಿಯೊಳಗೇ ಮದುವೆ ಎಂಬ ಕಟ್ಟಿನಲ್ಲಿ, ಅದಕ್ಕಾಗಿ ಹೆಂಗಸರ ಮೇಲೆ ಹೇರಿದ ಕಟ್ಟುಪಾಡುಗಳಲ್ಲಿ ಜಾತಿಯ ಬೇರನ್ನು ಅವರು ತೋರಿಸಿದರು. ಅಧ್ಯಯನದ ‘ವಸ್ತು’ವಾಗಿದ್ದವನು ತಾನೇ ಅಧ್ಯಯನ ಮಾಡಿದ.

1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ ತಂಡ ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರಿಂದ ಸಿರಿ ಪಾಡ್ದನ ಹಾಡಿಸಿಕೊಂಡಿತು. ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರೂ ಅದರಲ್ಲಿದ್ದರು. 1998ರಲ್ಲಿ ಹೆಲ್ಸಿಂಕಿಯಲ್ಲಿ 15,683 ಸಾಲುಗಳ ಪುಸ್ತಕವಾಯ್ತು. ಹಾಡಿದವರ ಹೆಸರು ಶೀರ್ಷಿಕೆಯಲ್ಲೇ ಇದೆ. ದೊಡ್ಡ ಕೆಲಸವೇ, ಅಲ್ಲಗಳೆಯುವವನು ನಾನಲ್ಲ. ಆದರೆ ಹಾಡುವವರು ಒಂದು ಕಡೆ, ಅರ್ಥ ಹೇಳುವವರು ಇನ್ನೊಂದು ಕಡೆ ಎಂಬ ಹಂಚಿಕೆ ಹಾಗೇ ಉಳಿಯಿತಲ್ಲ?

ಬಂಟ್ವಾಳದ ಕಡೆಯಿಂದಲೂ ಈಗ ಹುಡುಗರು ಜರ್ಮನಿ, ಐರ್ಲೆಂಡ್ ಅಂತ ಓದಲಿಕ್ಕೆ ಹೋಗ್ತಾರೆ. ಏಳೂವರೆ ಲಕ್ಷ ದಾಟಿದ ವಿದ್ಯಾಸಾಲಕ್ಕೆ ಬ್ಯಾಂಕು ಸಾಮಾನ್ಯವಾಗಿ ಅಡವು ಕೇಳ್ತದೆ. ಅಡಿಕೆ ತೋಟ ಇದ್ದವರು ಕೊಡ್ತಾರೆ. ಐದು ಸೆಂಟ್ಸಿನ ಮನೆಯವರಿಗೆ ಸರಕಾರದ ಸ್ಕಾಲರ್‌ಶಿಪ್ಪೇ ದಾರಿ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1954-55ರಿಂದ ಇದೆ. 2022ರಲ್ಲಿ ಇಡೀ ದೇಶಕ್ಕೆ 125 ಸೀಟು. ಅದೇ ವರ್ಷ ನಿಯಮಕ್ಕೆ ಒಂದು ಸಾಲು ಸೇರಿತು: ಭಾರತದ ಸಂಸ್ಕೃತಿ, ಪರಂಪರೆ, ಚರಿತ್ರೆ, ಭಾರತವನ್ನು ಕುರಿತ ಸಮಾಜ ಅಧ್ಯಯನ, ಇವುಗಳ ಸಂಶೋಧನೆಗೆ ಹಣವಿಲ್ಲ. ಅದನ್ನೆಲ್ಲ ಇಲ್ಲೇ ಓದಬಹುದಲ್ಲ ಎಂಬುದು ಕೊಟ್ಟ ಕಾರಣ.

ಅಂದರೆ ಒಬ್ಬಳು ನಲಿಕೆ ಹುಡುಗಿ ಆ ದುಡ್ಡಿನಲ್ಲಿ ಲಂಡನ್ನಿಗೆ ಹೋಗಿ ಕಂಪ್ಯೂಟರ್ ಓದಬಹುದು. ತನ್ನ ಅಜ್ಜಿಯ ಪಾಡ್ದನ ಬರ್ನೆಲ್‌ನ ಕೈಯಲ್ಲಿ ಏನಾಯ್ತು ಅಂತ ಪಿಎಚ್.ಡಿ. ಮಾಡುವ ಹಾಗಿಲ್ಲ. ಫಿನ್ಲೆಂಡಿನವರು ಮಾಡಬಹುದು, ಅವರಿಗೆ ಈ ನಿಯಮ ಇಲ್ಲ. ಬರೋಡಾದ ಕರಾರಿನಲ್ಲಿ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂದಿತ್ತು. ರಾಜನ ಷರತ್ತು ಅದು, ಕಡಿಮೆಯೇನಲ್ಲ. ಆದರೂ ಜಾತಿಯ ಮೇಲೆ ಬರೆದ ಪ್ರಬಂಧವನ್ನು ಅದು ತಡೆಯಲಿಲ್ಲ. 2022ರ ಅರ್ಜಿಯಲ್ಲಾಗಿದ್ದರೆ ಮೊದಲ ಮೇಜಿನಲ್ಲೇ ಬಿದ್ದುಹೋಗುತ್ತಿತ್ತು.