ಐವತ್ತು ಅತಿಥಿಗಳು, ಇಪ್ಪತ್ತು ಜನ

2020ರ ಮೇ ತಿಂಗಳಿಂದ ಕೇಂದ್ರ ಗೃಹ ಸಚಿವಾಲಯ ಹೊರಡಿಸುತ್ತ ಬಂದ ಕೋವಿಡ್ ನಿರ್ದೇಶನಗಳಲ್ಲಿ ಒಂದರ ಕೆಳಗೊಂದು ಎರಡು ಸಾಲುಗಳಿರುತ್ತಿದ್ದವು. ಮದುವೆಯ ಕೂಟದಲ್ಲಿ ‘ಗೆಸ್ಟ್ಸ್’ 50 ಮೀರಬಾರದು. ಅಂತ್ಯಕ್ರಿಯೆಯ ಕೂಟದಲ್ಲಿ ‘ಪರ್ಸನ್ಸ್’ 20 ಮೀರಬಾರದು. ಮದುವೆಗಾದರೆ ಅತಿಥಿಗಳ ಲೆಕ್ಕ, ಮಣ್ಣಿಗಾದರೆ ಜನರ ಲೆಕ್ಕ. ಕರಡು ಬರೆದ ಅಧಿಕಾರಿ ಬೇಕೆಂದೇ ಎರಡು ಪದ ಬಳಸಿದರೋ, ತೋಚಿದ್ದನ್ನು ಬರೆದರೋ! ಆ ವರ್ಷ ಹೈದರಾಬಾದಿನಲ್ಲಿ ಮಗಳ ಮದುವೆ ಇಟ್ಟುಕೊಂಡ ಮನೆಗಳಿಗೆ ಮಾತ್ರ ಈ ಎರಡು ಪದಗಳ ನಡುವಿನ ಸಂದು ದೊಡ್ಡದಾಗಿತ್ತು.

ಅತಿಥಿ ಎಂದರೆ ಯಾರು? ಮದುಮಗ, ಮದುಮಗಳು ಅಲ್ಲ ಎಂಬುದರಲ್ಲಿ ಸಂಶಯವಿಲ್ಲ. ಹೆತ್ತವರು? ಸೋದರಮಾವ? ಪುರೋಹಿತರು, ವಾದ್ಯದವರು, ಅಡುಗೆಯವರು, ಫೋಟೋದವರು? ತೆಲುಗಿನಲ್ಲಿ ‘ಚುಟ್ಟಾಲು’ ಎಂದರೆ ನೆಂಟರು, ‘ಅತಿಥುಲು’ ಎಂಬುದು ಸ್ವಲ್ಪ ದೂರದ ಮಾತು. ದಖನಿ ಉರ್ದುವಿನಲ್ಲಿ ಬರಾತಿ ಬೇರೆ, ಮೆಹಮಾನ್ ಬೇರೆ. ಕಾಚಿಗುಡದ ಹಳೆಯ ಕನ್ನಡ ಮನೆಗಳಲ್ಲಿ ಬೀಗರನ್ನು ಅತಿಥಿಗಳ ಪಟ್ಟಿಗೆ ಸೇರಿಸಿದರೆ ಅದೇ ಒಂದು ಜಗಳಕ್ಕೆ ಸಾಕು. ತಿಥಿ ನೋಡದೆ ಬರುವವನೇ ಅತಿಥಿ ಎಂದು ಹಿರಿಯರು ಪದ ಬಿಡಿಸಿ ಹೇಳುತ್ತಾರೆ. ಮದುವೆಗೆ ಬರುವವರು ತಿಥಿ, ನಕ್ಷತ್ರ ಎಲ್ಲವನ್ನೂ ನೋಡಿಯೇ ಬರುತ್ತಾರೆ. ಇನ್ನು ಲಗ್ನಪತ್ರಿಕೆಯಲ್ಲಿ ಕನ್ನಡದವರೂ ತೆಲುಗಿನವರೂ ಅಚ್ಚು ಹಾಕಿಸುವುದು ‘ಸಕುಟುಂಬ ಸಪರಿವಾರ ಸಮೇತ’ ಎಂದು. ಒಂದು ಪತ್ರಿಕೆಗೆ ಎಷ್ಟು ತಲೆ ಎಂದು ಎಣಿಸುವ ಅಭ್ಯಾಸ ಆ ವಾಕ್ಯಕ್ಕೇ ಇಲ್ಲ.

ಸಾವಿನ ಮನೆಯಲ್ಲಿ ಪದ ಸ್ಪಷ್ಟವಾಗಿತ್ತು. ಹೆಗಲು ಕೊಡುವವರೂ ಜನ, ಮಗನೂ ಜನ. ಆದರೆ ಅಲ್ಲಿ ಇನ್ನೊಂದು ತೊಡಕು. 20ರ ಮಿತಿ ಸ್ಮಶಾನಕ್ಕೆ ಹೋಗುವ ಹೊತ್ತಿಗೆ ಮಾತ್ರವೋ, ಮುಂದಿನ ದಿನಗಳಿಗೂ ಸೇರಿತೋ? ತೆಲುಗು ಮನೆಗಳಲ್ಲಿ ಹತ್ತನೆಯ, ಹನ್ನೊಂದನೆಯ ದಿನದ ಕರ್ಮಗಳಿವೆ. ಹೈದರಾಬಾದಿನ ಮುಸ್ಲಿಂ ಮನೆಗಳಲ್ಲಿ ಮೂರನೆಯ ದಿನದ ಜಿಯಾರತ್, ನಲವತ್ತನೆಯ ದಿನದ ಚಹಲ್ಲುಂ ಇವೆ. ಅವು ನಡೆಯುವುದು ಮನೆಯಲ್ಲಿ. ಮನೆಯ ಬಗ್ಗೆ ಆದೇಶಗಳು ಬಾಯಿ ಬಿಟ್ಟದ್ದು ಕಡಿಮೆ.

ಇದು ಹೇಗಾಯಿತು ಎಂದು ತಿಳಿಯಲು ಮಾರ್ಚ್ ತಿಂಗಳಿಗೆ ಹೋಗಬೇಕು. ತೆಲಂಗಾಣದ ಮೊದಲ ಪ್ರಕರಣ ಪತ್ತೆಯಾದದ್ದು 2020ರ ಮಾರ್ಚ್ 2ರಂದು. ಅದರ ಮರುವಾರ, ಮಾರ್ಚ್ 10ರಂದು, ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಿ ಸಂಭವಿಸಿತು. ಆ ಹಿರಿಯರನ್ನು ಚಿಕಿತ್ಸೆಗೆಂದು ಹೈದರಾಬಾದಿಗೂ ಕರೆದೊಯ್ದು ತರಲಾಗಿತ್ತು. ಕಲಬುರಗಿ, ಬೀದರಿನವರಿಗೆ ದೊಡ್ಡಾಸ್ಪತ್ರೆ ಎಂದರೆ ಇಂದಿಗೂ ಹೈದರಾಬಾದೇ. ಮಾರ್ಚ್ 14ರಂದು ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಶಾಲೆ, ಚಿತ್ರಮಂದಿರಗಳ ಜೊತೆಗೆ ಫಂಕ್ಷನ್ ಹಾಲ್‌ಗಳನ್ನೂ ಮುಚ್ಚಿಸಿದರು. ಮೊದಲೇ ಗೊತ್ತಾದ ಮದುವೆಗಳಿಗೆ ಮಾತ್ರ 200 ಜನರ ಮಿತಿಯಲ್ಲಿ ಅವಕಾಶ. ಮಾರ್ಚ್ 22ರ ಜನತಾ ಕರ್ಫ್ಯೂ ದೇಶಕ್ಕೆ ಬೆಳಿಗ್ಗೆ 7ರಿಂದ ರಾತ್ರಿ 9ರವರೆಗೆ, ಒಟ್ಟು 14 ಗಂಟೆ; ತೆಲಂಗಾಣಕ್ಕೆ ಬೆಳಿಗ್ಗೆ 6ರಿಂದ ಮರುದಿನ ಬೆಳಿಗ್ಗೆ 6ರವರೆಗೆ, 24 ಗಂಟೆ. ಬೀದರಿನ ಅಣ್ಣ ರಾತ್ರಿ ಒಂಬತ್ತಕ್ಕೆ ಬಾಗಿಲು ತೆರೆಯಬಹುದಿತ್ತು, ಹೈದರಾಬಾದಿನ ತಮ್ಮ ತೆರೆಯುವಂತಿರಲಿಲ್ಲ.

ಅದೇ ಸಂಜೆ ರಾಜ್ಯದ ಲಾಕ್‌ಡೌನ್ ಘೋಷಣೆಯಾಯಿತು. ಸಾರ್ವಜನಿಕ ಸ್ಥಳದಲ್ಲಿ ಐದಕ್ಕಿಂತ ಹೆಚ್ಚು ಜನ ಸೇರಬಾರದು ಎಂದರು. ಏಪ್ರಿಲ್ 15ರ ಕೇಂದ್ರದ ಮಾರ್ಗಸೂಚಿ ‘ಐದು ಅಥವಾ ಹೆಚ್ಚು’ ಎಂದಿತು. ಮೊದಲನೆಯದರಲ್ಲಿ ಐವರು ನಿಲ್ಲಬಹುದು, ಎರಡನೆಯದರಲ್ಲಿ ನಾಲ್ವರೇ. ಕೇಂದ್ರದ ಐದಕ್ಕೆ ಹಳೆಯ ಬೇರುಂಟು: 1860ರ ಭಾರತೀಯ ದಂಡ ಸಂಹಿತೆಯ 141ನೆಯ ಕಲಮಿನ ಪ್ರಕಾರ ಅಕ್ರಮಕೂಟವಾಗಲು ಕನಿಷ್ಠ ಐವರು ಬೇಕಿತ್ತು. ಗಲಭೆಕೋರರನ್ನು ಎಣಿಸಲು ಹುಟ್ಟಿದ ಸಂಖ್ಯೆಯೇ ಸೋಂಕಿಗೂ ಒದಗಿತು ಎನ್ನಬಹುದು. ಆದರೆ ಎರಡು ಆದೇಶಗಳೂ ಹೇಳಿದ್ದು ಸಾರ್ವಜನಿಕ ಸ್ಥಳದ ಮಾತು. ಹಳೇ ನಗರದ ಒಂದೇ ಅಂಗಳಕ್ಕೆ ಮೂರು ಸಂಸಾರ ಬಾಗಿಲು ತೆರೆಯುವ ಮನೆಗಳಲ್ಲಿ ಬೆಳಗಿನ ಚಹಾಕ್ಕೇ ಹತ್ತು ಜನ ಸೇರುತ್ತಾರೆ. ಆ ಅಂಗಳ ಸಾರ್ವಜನಿಕವೇ? ಅಪಾರ್ಟ್‌ಮೆಂಟಿನ ಕಾರಿಡಾರ್? ತಾರಸಿ? ರಾಷ್ಟ್ರವ್ಯಾಪಿ ಲಾಕ್‌ಡೌನಿನ ಮೊದಲ ದಿನ, ಮಾರ್ಚ್ 25, ಯುಗಾದಿಯೂ ಆಗಿತ್ತು. ಬೇವುಬೆಲ್ಲದ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗುವುದು ಹೊರಗೆ ಹೋದಂತೆಯೇ ಎಂದು ಎಷ್ಟೋ ಮನೆಗಳಲ್ಲಿ ಅವತ್ತು ಮಾತಾಗಿರಬೇಕು.

ಸರ್ಕಾರಗಳ ಕೈಯಲ್ಲಿದ್ದ ಕಾನೂನು ಕೂಡ ಈ ಪ್ರಶ್ನೆಗೆ ಉತ್ತರಿಸುವಂಥದ್ದಲ್ಲ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಮುಂಬಯಿ ಪ್ಲೇಗಿನ ಗಡಿಬಿಡಿಯಲ್ಲಿ ಬಂದದ್ದು, ನಾಲ್ಕೇ ಕಲಮು. ರೈಲು ಪ್ರಯಾಣಿಕರ ತಪಾಸಣೆಯ ಮಾತು ಅದರಲ್ಲಿದೆ, ಕೂಟ ಎಂದರೇನು, ಮನೆ ಎಂದರೇನು ಎಂಬ ವಿವರಣೆ ಇಲ್ಲ. ವಿವರಣೆ ಇಲ್ಲದಿದ್ದರೂ ಮನೆಗೆ ನುಗ್ಗಲು ಆಗ ಅಡ್ಡಿಯಾಗಲಿಲ್ಲ. ಪುಣೆಯಲ್ಲಿ ಸೈನಿಕರು ಅಡುಗೆಮನೆ, ದೇವರಮನೆಗಳನ್ನು ಶೋಧಿಸಿದ ಸಿಟ್ಟಿಗೆ ಅದೇ ವರ್ಷದ ಜೂನ್ 22ರಂದು ಪ್ಲೇಗ್ ಅಧಿಕಾರಿ ರ್‍ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಧಾರವಾಡ, ಹುಬ್ಬಳ್ಳಿಗಳೂ ಅದೇ ಮುಂಬಯಿ ಪ್ರಾಂತ್ಯದಲ್ಲಿದ್ದವು.

ಹೈದರಾಬಾದ್ ನಿಜಾಮರದ್ದಾದ್ದರಿಂದ ಅದರ ಕತೆ ಬೇರೆ. 2020ರವರೆಗೂ ಕಾಯ್ದೆಯ ಮೊದಲ ಕಲಮಿನಲ್ಲಿ, 1956ರ ನವೆಂಬರ್ 1ಕ್ಕೆ ಮೊದಲು ‘ಬಿ’ ವರ್ಗದ ರಾಜ್ಯಗಳಾಗಿದ್ದ ಪ್ರದೇಶಗಳನ್ನು ಹೊರತುಪಡಿಸಿ, ಎಂಬ ಮಾತು ಹಾಗೇ ಉಳಿದಿತ್ತು. ಹೈದರಾಬಾದ್ ‘ಬಿ’ ವರ್ಗದ್ದು, ಮೈಸೂರೂ ಅಷ್ಟೇ. ಆ ಮಾತುಗಳನ್ನು ತೆಗೆದುಹಾಕಿದ್ದು 2020ರ ಏಪ್ರಿಲ್ 22ರ ಸುಗ್ರೀವಾಜ್ಞೆ. ಅಷ್ಟರಲ್ಲಿ ಅದೇ ಕಾಯ್ದೆಯ ಹೆಸರಿನಲ್ಲಿ ತೆಲಂಗಾಣ ಲಾಕ್‌ಡೌನ್ ಸಾರಿ ಒಂದು ತಿಂಗಳಾಗಿತ್ತು. ಆ ಸುಗ್ರೀವಾಜ್ಞೆಯ ಮುಖ್ಯ ಉದ್ದೇಶ ಆರೋಗ್ಯ ಸಿಬ್ಬಂದಿಯ ರಕ್ಷಣೆ. ಹಿಂಸೆ ಎಂದರೇನು ಎಂದು ಅದು ವಿವರವಾಗಿ ಬರೆಯಿತು. ಕೂಟದ ಸುದ್ದಿಗೆ ಹೋಗಲಿಲ್ಲ.

ಮೇ ತಿಂಗಳಲ್ಲಿ ಮದುವೆಗಳಿಗೆ 50ರ ಮಿತಿ ಸಿಕ್ಕಾಗ ಫಂಕ್ಷನ್ ಹಾಲ್‌ಗಳು ಮುಚ್ಚಿಯೇ ಇದ್ದವು. ಹೈದರಾಬಾದಿನ ಮಧ್ಯಮವರ್ಗ ಮನೆ ಮುಂದೆ ಚಪ್ಪರ ಹಾಕಿ ಮದುವೆ ಮಾಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಮನೆಗಳೂ ಆ ಕೆಲಸಕ್ಕೆ ಒದಗದಂತೆ ಚಿಕ್ಕವಾಗಿದ್ದವು. ಈಗ ಮದುವೆ ಮರಳಿ ಮನೆಗೆ ಬಂತು, ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ. ನಿಯಮ ಎಣಿಸಿದ್ದು ತಲೆಗಳನ್ನು, ಜಾಗವನ್ನಲ್ಲ. ಹತ್ತು ಅಡಿಯ ಹಾಲಿನಲ್ಲೂ 50, ಶಾಮಿಯಾನ ಹಾಕಿದ ಮೈದಾನದಲ್ಲೂ 50. ಸೆಪ್ಟೆಂಬರ್ 21ರಿಂದ ಈ ಮಿತಿ 100 ಆಯಿತು. ಜಾಗಕ್ಕೂ ಜನಕ್ಕೂ ಸಂಬಂಧ ಕಲ್ಪಿಸಿದ್ದು ಸೆಪ್ಟೆಂಬರ್ 30ರ ಆದೇಶ: ಮುಚ್ಚಿದ ಸಭಾಂಗಣವಾದರೆ ಅದರ ಸಾಮರ್ಥ್ಯದ ಅರ್ಧ, ಹೆಚ್ಚೆಂದರೆ 200. ಸಭಾಂಗಣಕ್ಕೆ ಸಾಮರ್ಥ್ಯವಿದೆ, ಬೋರ್ಡಿನಲ್ಲಿ ಬರೆದಿರುತ್ತದೆ. ಮನೆಗೆ ಎಷ್ಟು ಜನರ ಸಾಮರ್ಥ್ಯ ಎಂದು ಯಾರು ಬರೆದಿಟ್ಟಿದ್ದಾರೆ?

ಮದುವೆಯೂ ಅಲ್ಲದ, ಸಾವೂ ಅಲ್ಲದ ಕೂಟಗಳ ಪಾಡು ಇನ್ನೂ ಕಷ್ಟ. ಸಾಮಾಜಿಕ, ಧಾರ್ಮಿಕ ಸಮಾರಂಭಗಳು ಆಗ ನಿಷಿದ್ಧವಾಗಿದ್ದವು. ಆದರೆ ಮಗುವಿನ ಹುಟ್ಟುಹಬ್ಬಕ್ಕೆ ಅಜ್ಜಿ, ತಾತ, ಅತ್ತೆ ಬಂದರೆ ಅದು ಸಮಾರಂಭವೇ, ಸಂಸಾರವೇ? ಆ ಜುಲೈ ತಿಂಗಳಲ್ಲಿ ನಗರದ ಒಂದು ಹುಟ್ಟುಹಬ್ಬದ ಕೂಟದ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ನೂರಕ್ಕೂ ಹೆಚ್ಚು ಜನ ಬಂದಿದ್ದರು, ಕರೆದವರೇ ಕೆಲವು ದಿನಗಳಲ್ಲಿ ಸೋಂಕಿನಿಂದ ತೀರಿಕೊಂಡರು. ಅದಾದ ಮೇಲೆ ಜುಲೈ 31ರ ವರಮಹಾಲಕ್ಷ್ಮಿಗೆ ಅರಿಶಿನ ಕುಂಕುಮಕ್ಕೆ ಕರೆಯುವುದು, ಮರುದಿನದ ಬಕ್ರೀದಿಗೆ ಮನೆಮನೆಗೆ ಮಾಂಸ ಹಂಚುವುದು, ಎರಡೂ ಲೆಕ್ಕ ಹಾಕಿ ಮಾಡುವ ಕೆಲಸಗಳಾದವು. ಇಂಥಲ್ಲಿ ನಿಯಮ ಗೊತ್ತಿಲ್ಲದಿದ್ದರೆ ಅದರ ಭಾರ ಬೀಳುವುದು ಕರೆಯುವವರ ಮೇಲೆ. ಕರೆಯದಿದ್ದರೆ ಮುನಿಸು, ಕರೆದು ಏನಾದರೂ ಆದರೆ ಜೀವಮಾನದ ಕೊರಗು.

ಆಷಾಢದ ಬೋನಾಲು ಹಬ್ಬಕ್ಕೆ ಮಾತ್ರ ಸರ್ಕಾರ ಬಿಡಿಸಿ ಹೇಳಿತು: ಬೋನವನ್ನು ಮನೆಯಲ್ಲೇ ಅರ್ಪಿಸಿ, ಗುಡಿಗೆ ಬರಬೇಡಿ. ಬೋನ ಎಂದರೆ ಅನ್ನದ ನೈವೇದ್ಯ. ಕನ್ನಡದಲ್ಲೂ ಅನ್ನಕ್ಕೆ ಈ ಹಳೆಯ ಪದ ಇದೆ. ಸಿಕಂದರಾಬಾದಿನ ಉಜ್ಜಯಿನಿ ಮಹಾಂಕಾಳಿಯ ಗುಡಿಯವರು ಹೇಳುವ ಐತಿಹ್ಯದಲ್ಲಿ ಈ ಹಬ್ಬ ಹುಟ್ಟಿದ್ದೇ 1813ರ ಒಂದು ಮಾರಿಬೇನೆಯಿಂದ. ಉಜ್ಜಯಿನಿಗೆ ಹೋಗಿದ್ದ ಸೈನಿಕನೊಬ್ಬ ಊರಿನಲ್ಲಿ ಬೇನೆ ನಿಂತರೆ ದೇವಿಯನ್ನು ಇಲ್ಲೇ ತಂದಿಡುತ್ತೇನೆಂದು ಹರಕೆ ಹೊತ್ತನಂತೆ. ಬೇನೆ ಹೋದ ಸಂತೋಷಕ್ಕೆ ಸೇರುವ ಜನ ಬೇನೆಯ ಕಾರಣಕ್ಕೇ ಸೇರಲಾಗದ ವರ್ಷ ಅದು. ಆದರೂ ಆ ಸೂಚನೆಯಲ್ಲಿ ಗೊಂದಲವಿರಲಿಲ್ಲ. ಎಲ್ಲಿ, ಹೇಗೆ ಎರಡೂ ಅದರಲ್ಲಿತ್ತು.

ಮನೆಯನ್ನು ಕಾನೂನಿನ ಒಳಗೆ ತಂದರೆ ಎಲ್ಲ ಸರಿಹೋಗುತ್ತಿತ್ತು ಎಂದೂ ಹೇಳಲಾಗದು. ಇಂಗ್ಲೆಂಡಿನಲ್ಲಿ 2020ರ ಸೆಪ್ಟೆಂಬರ್ 14ರಿಂದ ಮನೆಯ ಒಳಗೂ ಹೊರಗೂ ಆರು ಜನರ ನಿಯಮ ಬಂತು. ಅಲ್ಲಿ ಹಸುಗೂಸೂ ಲೆಕ್ಕಕ್ಕೆ ಸೇರಿತು, ಸ್ಕಾಟ್ಲೆಂಡಿನಲ್ಲಿ 12ರೊಳಗಿನ, ವೇಲ್ಸ್‌ನಲ್ಲಿ 11ರೊಳಗಿನ ಮಕ್ಕಳು ಸೇರಲಿಲ್ಲ. ಗೊಂದಲ ಅಲ್ಲಿಯೂ ಇತ್ತು, ಜಗಳವೂ ಇತ್ತು. ಆದರೆ ಜಗಳ ಸಂಖ್ಯೆಯ ಮೇಲಿತ್ತು; ನಿಯಮ ತಮ್ಮ ಹೊಸ್ತಿಲು ದಾಟಿ ಬಂದಿದೆಯೋ ಇಲ್ಲವೋ ಎಂಬುದರ ಮೇಲಲ್ಲ.

ಹೈದರಾಬಾದಿನವರು ಸಾಂಕ್ರಾಮಿಕದ ಪದಗಳನ್ನು ತಮ್ಮದಾಗಿಸಿಕೊಳ್ಳಲಾರದವರೇನಲ್ಲ. ನಲ್ಲಕುಂಟದ ಫೀವರ್ ಆಸ್ಪತ್ರೆಯನ್ನು ಹಳಬರು ಕರೆಯುವುದು ‘ಕೋರಂಟಿ ದವಾಖಾನ’ ಎಂದು. ಕ್ವಾರಂಟೈನ್ ಎಂಬುದು ನಾಲಿಗೆಯಲ್ಲಿ ಸವೆದು ಕೋರಂಟಿಯಾಗಿದೆ. ಆ ಪದ ನೆಲೆಸಿದ್ದು ಅದಕ್ಕೊಂದು ಕಟ್ಟಡ, ಗೇಟು, ವಾರ್ಡು ಇದ್ದದ್ದರಿಂದ. 2020ರ ‘ಗ್ಯಾದರಿಂಗ್’ ಇಂಗ್ಲಿಷಿನ ಜಿ.ಓ.ದಿಂದ ತೆಲುಗಿನ ಪತ್ರಿಕಾಗೋಷ್ಠಿಗೆ, ಅಲ್ಲಿಂದ ಉರ್ದು ವಾಟ್ಸಾಪ್ ಸಂದೇಶಕ್ಕೆ, ಅಲ್ಲಿಂದ ಅಪಾರ್ಟ್‌ಮೆಂಟ್ ಸಂಘದ ನೋಟೀಸಿಗೆ ಇಳಿಯುವಷ್ಟರಲ್ಲಿ ಒಂದೊಂದು ಕಡೆ ಒಂದೊಂದು ಅರ್ಥ ಹೊತ್ತುಕೊಂಡಿತು. ಕಾವಲುಗಾರ ಗೇಟಿನಲ್ಲಿ ಜಾರಿಗೊಳಿಸಿದ್ದು ಕೊನೆಯ ಅರ್ಥವನ್ನು.

2021ರ ಮೇ 11ರಂದು ತೆಲಂಗಾಣ ಸಂಪುಟ ಮತ್ತೊಂದು ಲಾಕ್‌ಡೌನ್ ಘೋಷಿಸಿತು, ಮರುದಿನ ಬೆಳಿಗ್ಗೆ 10ರಿಂದಲೇ ಜಾರಿ. ರಂಜಾನ್ ಹಬ್ಬಕ್ಕೆ ಎರಡೇ ದಿನ ಉಳಿದಿತ್ತು. ಈ ಸಲ ಮದುವೆಗೆ ಮೊದಲೇ ಅನುಮತಿ ಪಡೆದು 40 ಮಂದಿ, ಅಂತ್ಯಕ್ರಿಯೆಗೆ 20 ಮಂದಿ. ಸಡಿಲಿಕೆ ಬೆಳಿಗ್ಗೆ 6ರಿಂದ 10. ಮುಹೂರ್ತ ಹನ್ನೊಂದೂವರೆಗಿದ್ದ ಮನೆಗಳಲ್ಲಿ ನಲವತ್ತರ ಜೊತೆಗೆ ಇನ್ನೊಂದು ಲೆಕ್ಕ ಶುರುವಾಯಿತು: ಬಂದವರು ವಾಪಸು ಹೋಗುವುದು ಹೇಗೆ? ಮೇ ಕೊನೆಗೆ ಸಡಿಲಿಕೆ ಮಧ್ಯಾಹ್ನ 1ರವರೆಗೆ, ಜೂನ್ 10ರಿಂದ ಸಂಜೆ 5ರವರೆಗೆ ಬೆಳೆಯಿತು. ಜೂನ್ 20ರಿಂದ ಲಾಕ್‌ಡೌನ್ ಪೂರ್ತಿ ತೆರವಾಯಿತು. ಆಷಾಢಕ್ಕೆ ಇನ್ನೂ ಮೂರು ವಾರವಿತ್ತು, ಮದುವೆ ಮುಂದೂಡಿ ಕಾದಿದ್ದ ಮನೆಯವರು ಪಂಚಾಂಗ ತೆಗೆದರು.